ಈರಕ್ಕ ಉಗುಳಿದ ಅಕ್ಕಿ

ಕಡಲೆಕಾಯಿ ಕೀಳುವ ದಿನಗಳಲ್ಲಿ ಶೋಭಾರಾಣಿಯ ಸರ ಕಾಣೆಯಾಯಿತು. ಮನೆಯವರೆಲ್ಲ ಹೊಲದಲ್ಲಿದ್ದರು. ಆಳುಗಳಿಗೆ ಅಡುಗೆ ಮಾಡಲೆಂದು ಮನೆಯಲ್ಲಿ ಉಳಿದವಳು ಹಿರಿಸೊಸೆ ಈರಕ್ಕ ಒಬ್ಬಳೇ. ಸಂಜೆ ಕಿರಿಸೊಸೆ ಶೋಭಾರಾಣಿ ಸೀರೆ ಇಡಲು ಟ್ರಂಕು ತೆಗೆದಳು. ತವರಿನವರು ಮದುವೆಯಲ್ಲಿ ಹಾಕಿದ್ದ ಚಿನ್ನದ ಸರ ಅದರಲ್ಲಿರಲಿಲ್ಲ.

ಆಂಧ್ರದ ಗಡಿಯಲ್ಲಿ ಬ್ರಹ್ಮಸಮುದ್ರದ ಮಗ್ಗುಲಿನ ಆ ಹಳ್ಳಿಗೆ ಈರಕ್ಕ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ ಆಗಿತ್ತು. ಅವಳ ತವರು ಕಂಬದೂರಿನ ಕಡೆ. ಅಣ್ಣ ಗಿರಿಯಪ್ಪನಿಗೆ ಅಲ್ಲಿ ಕುರಿಗಳಿದ್ದವು. ಗಂಡ ನಾರಪ್ಪ ಮಾತು ಕಡಿಮೆಯ ಮನುಷ್ಯ, ತಮ್ಮ ಜಯಚಂದ್ರ ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು. ಶೋಭಾರಾಣಿಯ ಗಂಡನಾದ ಈ ಜಯಚಂದ್ರನದು ಟ್ರ್ಯಾಕ್ಟರು, ಬೋರ್‌ವೆಲ್ಲು, ಊರೊಳಗಿನ ಗತ್ತು. ಅತ್ತೆ ಪೋಲಮ್ಮ ಇಬ್ಬರು ಮಕ್ಕಳನ್ನೂ ಒಂದೇ ಸೂರಿನಡಿ ಹಿಡಿದಿಟ್ಟುಕೊಂಡಿದ್ದಳು. ಈರಕ್ಕನಿಗೆ ಇದ್ದವಳು ಒಬ್ಬಳೇ ಮಗಳು, ವಾಣಿಶ್ರೀ. ಅವಳು ಹಿಂದೂಪುರದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸಕ್ಕಿದ್ದಳು, ಅಲ್ಲೇ ಒಂದು ಕೋಣೆ ಹಿಡಿದಿದ್ದಳು.

ಸರ ಕದ್ದವಳು ಈರಕ್ಕನೇ ಎಂದು ಆ ಸಂಜೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವಳ ಮೇಲೆ ಮನೆಯವರಿಗೆ ಮೊದಲಿನಿಂದಲೂ ಏನೋ ಒಂದು ಅಸಮಾಧಾನ. ನಾಲ್ಕೈದು ವರ್ಷದಿಂದ ಅವಳು ಎಲ್ಲಿ ಹೋದರೂ ನೀರಿನ ಬಾಟಲಿ ಜೊತೆಗಿರಬೇಕಿತ್ತು. ಮುದ್ದೆಯಾದರೆ ಸಾರಿನಲ್ಲಿ ಅದ್ದಿ ನುಂಗಿಬಿಡುತ್ತಿದ್ದಳು. ಸಜ್ಜೆ ರೊಟ್ಟಿಯ ಚೂರು ಮಾತ್ರ ಗಂಟಲಲ್ಲಿ ನಿಂತುಬಿಡುತ್ತಿತ್ತು, ಮಂಡಕ್ಕಿ ಬಾಯಿಗೆ ಹಾಕಿಕೊಂಡರೆ ಅಂಗುಳಿಗೆ ಅಂಟುತ್ತಿತ್ತು. ಹಲ್ಲುಗಳು ಬುಡದಲ್ಲೇ ಕಪ್ಪಾಗಿ ಒಂದೊಂದೇ ಮುರಿದವು. ಕಲ್ಯಾಣದುರ್ಗದ ಡಾಕ್ಟರೊಬ್ಬರು ಬಾಯಿ ತೆಗೆಸಿ ನೋಡಿ, "ಹೊಗೆಸೊಪ್ಪು ಬಿಟ್ಬಿಡಮ್ಮಾ" ಎಂದು ಗದರಿಸಿ ಕಳಿಸಿದ್ದರು. ಅವಳು ಹೊಗೆಸೊಪ್ಪನ್ನು ಮುಟ್ಟಿದವಳೇ ಅಲ್ಲ, ಇನ್ನು ಬಿಡುವುದೆಲ್ಲಿಂದ ಬಂತು? ಆಗಾಗ ಕಿವಿಯ ಕೆಳಗೆ ಎರಡೂ ಕೆನ್ನೆ ಊದಿಕೊಳ್ಳುತ್ತಿದ್ದವು. ಮಂಗನಬಾವು ಎಂದು ಪೋಲಮ್ಮ ಏನೋ ಅರೆದು ಹಚ್ಚುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರ ಮನಸ್ಸಿನಲ್ಲಿ ಕೂತಿದ್ದು ಮಾವ ಸತ್ತ ದಿನದ ಸಂಗತಿ. ಊರ ಹೆಂಗಸರೆಲ್ಲ ಹೆಣದ ಸುತ್ತ ಕೂತು ಅತ್ತರು. ಈರಕ್ಕನೂ ಅತ್ತಳು, ಕೂಗಿ ಕೂಗಿ ಗಂಟಲು ಕಟ್ಟಿತು, ಕಣ್ಣಲ್ಲಿ ಮಾತ್ರ ಒಂದು ಹನಿ ನೀರು ಬರಲಿಲ್ಲ. ಮರಳು ಬಿದ್ದ ಹಾಗೆ ಕಣ್ಣು ಕೆಂಪಾಗಿ ಉರಿಯುತ್ತಿದ್ದವು ಅಷ್ಟೇ. "ನಾಟಕ ಆಡ್ತಾಳೆ, ಕಲ್ಲು ಮನಸ್ಸಿನೋಳು" ಎಂದು ಹೆಂಗಸರು ಮಾತಾಡಿಕೊಂಡಿದ್ದರು.

ಸರ ಹೋದ ಮೇಲೆ ಪೋಲಮ್ಮ ಪಕ್ಕದೂರಿನ ಒಬ್ಬ ಮಂತ್ರವಾದಿಯ ಹತ್ತಿರ ಹೋದಳು. ಅವನನ್ನು ಎಲ್ಲರೂ ಸ್ವಾಮಿ ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಅವನು ಬೈಕಿನಲ್ಲಿ ಬಂದ. ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದ ಅಕ್ಕಿಯನ್ನು ಅಂಗಳದಲ್ಲಿ ಬಿಚ್ಚಿಟ್ಟ.

"ಮನೇಲಿರೋರೆಲ್ಲ ಒಂದೊಂದು ಹಿಡಿ ಬಾಯಿಗೆ ಹಾಕ್ಕೊಂಡು ಅಗೀರಿ. ಆಮೇಲೆ ಎಲೆ ಮ್ಯಾಲೆ ಉಗೀರಿ. ತಪ್ಪು ಮಾಡಿದೋರ ಬಾಯಾಗೆ ನನ್ನ ಅಕ್ಕಿ ನೆನೆಯಾಕಿಲ್ಲ" ಎಂದ.

ಸರ ಕಳೆದುಕೊಂಡವಳೂ ಅಗಿಯಬೇಕು, ಯಾರಿಗೂ ಬಿಡುವಿಲ್ಲ ಎಂದು ಅವನ ಕಟ್ಟಪ್ಪಣೆ. ಬೇಲಿಯಾಚೆ ಅಕ್ಕಪಕ್ಕದವರು ಗುಂಪುಗೂಡಿದ್ದರು. ಪೋಲಮ್ಮ ಉಗುಳಿದಳು, ಎಲೆಅಡಿಕೆ ಜಗಿಯುವ ಅವಳ ಬಾಯಲ್ಲಿ ಅಕ್ಕಿ ಕೆಂಪಗೆ ನೆನೆದು ಹಿಟ್ಟಾಗಿತ್ತು. ಜಯಚಂದ್ರ, ನಾರಪ್ಪ ಉಗುಳಿದರು. ಶೋಭಾರಾಣಿ ಬಹಳ ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಉಗುಳಿದಳು. ಅದೂ ಒದ್ದೆ.

ಈರಕ್ಕ ಅಕ್ಕಿಗೆ ಕೈಯಿಡುವ ಮೊದಲು, "ಒಂದ್ ಗುಟುಕು ನೀರು ಕುಡುದು ಹಾಕ್ಕೊಂತೀನಿ ಸ್ವಾಮಿ, ನನ್ನ ಬಾಯಿ ಯಾವಾಗ್ಲೂ ಒಣಗ್ತದೆ" ಎಂದಳು.

ಸ್ವಾಮಿ ಬೇಲಿಯ ಕಡೆ ತಿರುಗಿ ನಕ್ಕ. "ಕೇಳುದ್ರಾ?"

ಅವಳು ಅಗಿದಳು. ಉಳಿದ ಹಲ್ಲುಗಳಲ್ಲೇ ಅಗಿದಳು. ಅಕ್ಕಿ ಜಲ್ಲಿಕಲ್ಲಿನಂತೆ ಬಾಯಲ್ಲಿ ಉರುಳಾಡಿತು. ಉಗುಳಿದಾಗ ಎಲೆಯ ಮೇಲೆ ಒಣ ನುಚ್ಚು ಚರಚರ ಎಂದು ಬಿತ್ತು. ಗಾಳಿಗೆ ಒಂದಿಷ್ಟು ಪುಡಿ ಹಾರಿತು.

ಮೊದಲ ಏಟು ಕೊಟ್ಟವನು ನಾರಪ್ಪ. ಕೈ ಬೀಸಿ ಕೆನ್ನೆಗೆ ಹೊಡೆದ, ಅವಳು ಎಲೆಯ ಮೇಲೇ ಬಿದ್ದಳು. "ಮಾನ ಕಳುದ್ಬುಟ್ಟಲ್ಲೇ" ಎಂದ. ಆಮೇಲೆ ಜಯಚಂದ್ರ ಮೋಟಾರ್ ಶೆಡ್ಡಿನ ಗೋಡೆಗೆ ಸುತ್ತಿಟ್ಟಿದ್ದ ಡ್ರಿಪ್ ಪೈಪಿನಿಂದ ಒಂದು ಮಾರು ಕತ್ತರಿಸಿ ತಂದ. ಕಪ್ಪು ಪೈಪು ಬೆನ್ನಿನ ಮೇಲೆ ಬಿದ್ದಲ್ಲೆಲ್ಲ ರವಿಕೆ ಹರಿಯಿತು, ಅದರಡಿಯ ಚರ್ಮವೂ ಹರಿಯಿತು.

"ಎಲ್ಲಿಕ್ಕಿದ್ದೀಯ ಹೇಳು. ಮಗಳ ಮದ್ವೆಗೆ ಅಂತ ಎತ್ತಿಟ್ಟಿದ್ದೀಯ, ಹೌದಾ?"

"ನಾ ಮುಟ್ಟಿಲ್ಲ ಕಣಪ್ಪ. ದೇವ್ರಾಣೆ ಮುಟ್ಟಿಲ್ಲ."

ಪೋಲಮ್ಮ ಅವಳ ಜುಟ್ಟು ಹಿಡಿದು ಮುಖ ಮೇಲೆತ್ತಿದಳು. "ನೋಡ್ರೋ, ಇಷ್ಟು ಬಿದ್ರೂ ಕಣ್ಣಾಗೆ ನೀರೇ ಇಲ್ಲ. ಕಳ್ಳಿ ಅಲ್ದೆ ಇದ್ದಿದ್ರೆ ಅಳ್ತಿರ್ಲಿಲ್ವಾ?" ಆ ಮಾತು ಜಯಚಂದ್ರನನ್ನು ಇನ್ನಷ್ಟು ಕೆರಳಿಸಿತು. ಅಳಿಸಿಯೇ ತೀರುತ್ತೇನೆ ಎಂಬಂತೆ ಹೊಡೆದ. ಬೇಲಿಯಾಚೆ ನಿಂತವರಲ್ಲಿ ಒಬ್ಬಿಬ್ಬರು ಫೋನು ಎತ್ತಿ ಹಿಡಿದಿದ್ದರು. ಯಾರೂ ಒಳಗೆ ಬರಲಿಲ್ಲ.

ಅವಳನ್ನು ಎಳೆದುಕೊಂಡು ಹೋಗಿ ಮೋಟಾರ್ ಶೆಡ್ಡಿನಲ್ಲಿ ಹಾಕಿ ಬೀಗ ಜಡಿದರು. ತಗಡಿನ ಸೂರು ಬಿಸಿಲಿಗೆ ಕಾದಿತ್ತು. ಒಳಗೆ ಮೋಟಾರು ಓಡುತ್ತಿತ್ತು. ಗೋಡೆಯಾಚೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಆರೋಗ್ಯವಂತ ಮನುಷ್ಯನಿಗೆ ಬಾಯಾರಿದರೆ ಒಂದಿಷ್ಟು ಉಗುಳಾದರೂ ನುಂಗಬಹುದು. ಈರಕ್ಕನಿಗೆ ಅದೂ ಇರಲಿಲ್ಲ. ನಾಲಿಗೆ ಅಂಗುಳಿಗೆ ಕಚ್ಚಿಕೊಂಡಿತು. ಬಿಡಿಸಲು ಹೋದಾಗ ಸಿಪ್ಪೆ ಎದ್ದು ರಕ್ತ ಬಂತು. ಆ ರಕ್ತದ ಒದ್ದೆಯಲ್ಲೇ ಸ್ವಲ್ಪ ಹೊತ್ತು ಬಾಯಿ ಆಡಿತು ಎಂದು ಆಮೇಲೆ ಅವಳೇ ಮಗಳಿಗೆ ಹೇಳಿದ್ದಾಳೆ.

ಬಾಗಿಲು ಬಡಿದು ಬಡಿದು ಕೂಗಿದಳು. "ನೀರು ಕೊಡ್ರೋ. ಕೊಂದಾದ್ರೂ ಹಾಕ್ರೋ, ಮೊದ್ಲು ನೀರು ಕೊಡ್ರೋ."

"ಒಪ್ಕೊ, ಕೊಡ್ತೀವಿ" ಎಂದ ಜಯಚಂದ್ರ ಹೊರಗಿನಿಂದ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳು ಒಪ್ಪಿಕೊಂಡಳು. ನೀರಿಗಾಗಿ ಒಪ್ಪಿಕೊಂಡಳು. ಬಾಯಿಗೆ ಬಂದದ್ದು ಹೇಳಿದಳು: ಸರ ಕಡಲೆ ಬಳ್ಳಿಯ ಬಣವೆಯಲ್ಲಿದೆ. ಅವರು ಬಾಗಿಲು ತೆಗೆದು ಚೊಂಬು ಕೊಟ್ಟರು. ಅವಳು ಎರಡು ಚೊಂಬು ಕುಡಿದಳು, ಮೂರನೆಯದನ್ನು ತಲೆಯ ಮೇಲೆ ಸುರಿದುಕೊಂಡಳು. ಅಷ್ಟರಲ್ಲಿ ಗಂಡಸರು ಬಣವೆ ಕಿತ್ತು ಹರಡಿದ್ದರು. ಕೊನೆಯ ಎಳೆಯವರೆಗೂ ಕೆದರಿದರು. ಸರ ಇರಲಿಲ್ಲ.

ಜಯಚಂದ್ರ ಹಿಂದಿರುಗಿ ಬಂದಾಗ ಅವನ ಕೈಯಲ್ಲಿದ್ದದ್ದು ಪೈಪಲ್ಲ, ಗುದ್ದಲಿಯ ಕಾವು. ಎಡಗೆನ್ನೆಯ ಕೆಳಗೆ ಬೀಸಿದ ಒಂದೇ ಏಟಿಗೆ ದವಡೆ ಮುರಿಯಿತು. ಆ ಸದ್ದು ಬೇಲಿಯಾಚೆಗೂ ಕೇಳಿಸಿತು ಎಂದು ಪಕ್ಕದ ಮನೆಯ ಮುನೆಮ್ಮ ಪೊಲೀಸರಿಗೆ ಹೇಳಿದಳು. ನಾರಪ್ಪ ಆಗ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ. ಅವನು ತಮ್ಮನ ಕೈ ಹಿಡಿಯಲಿಲ್ಲ.

ಮುನೆಮ್ಮ ಬೆಳಗಿನಿಂದ ಬೇಲಿಯಾಚೆ ನಿಂತು ನೋಡಿದವಳೇ. ಈಗ ಅವಳಿಗೆ ತಡೆಯಲಾಗಲಿಲ್ಲ. ಬೇಲಿ ತಳ್ಳಿಕೊಂಡು ನುಗ್ಗಿದಳು. "ಇವ್ಳು ಸತ್ರೆ ನಾನೇ ಸಾಕ್ಷಿ ಹೇಳ್ತೀನಿ ಕಣ್ಲಾ, ಇವತ್ತೇ ಹೇಳ್ತೀನಿ" ಎಂದು ಜಯಚಂದ್ರನ ಎದುರು ನಿಂತಳು. ಅವನು ಕಾವು ಎಸೆದು ಹೋದ. ಮುನೆಮ್ಮನೇ ಆಟೋ ಕರೆಸಿ ಈರಕ್ಕನನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಸೇರಿಸಿದಳು, ವಾಣಿಶ್ರೀಗೂ ಗಿರಿಯಪ್ಪನಿಗೂ ಫೋನು ಮಾಡಿದಳು.

ಗಿರಿಯಪ್ಪ ಬಂದು ತಂಗಿಯ ಮುಖ ನೋಡಿದ. ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು, ದವಡೆ ಒಂದು ಕಡೆಗೆ ಜೋತಿತ್ತು. ತಂಗಿಯ ಪಾದ ಮುಟ್ಟಿ ಹೊರಗೆ ಹೋದ. ಮಾರನೆಯ ಬೆಳಿಗ್ಗೆ ಕಂಬದೂರಿನಿಂದ ಎರಡು ಆಟೋ ತುಂಬ ಜನ ಕಟ್ಟಿಕೊಂಡು ಆ ಹಳ್ಳಿಗೆ ನುಗ್ಗಿದ. ಜಯಚಂದ್ರ ಟ್ರ್ಯಾಕ್ಟರಿನ ಮೇಲಿದ್ದ. ಅವನನ್ನು ಕೆಳಗೆ ಎಳೆದು ಕುರಿ ಕಾಯುವ ದೊಣ್ಣೆಗಳಿಂದ ಬಡಿದರು. ಬಲಗೈ ಎರಡು ಕಡೆ ಮುರಿಯಿತು. ಅಡ್ಡ ಬಂದ ನಾರಪ್ಪನ ತಲೆ ಒಡೆಯಿತು. ಪೋಲಮ್ಮ ಎದೆ ಬಡಿದುಕೊಳ್ಳುತ್ತಾ ಮಗನ ಮೇಲೆ ಬಿದ್ದಳು, ಅವಳನ್ನೂ ಒದ್ದು ಸರಿಸಿದರು. ಪಕ್ಕದೂರಿನಲ್ಲಿ ಸ್ವಾಮಿಯ ಮನೆಗೂ ಹೋದರು. ಅವನು ಹಿಂದಿನ ಬಾಗಿಲಿನಿಂದ ಓಡಿಹೋಗಿದ್ದ. ಬೈಕಿಗೆ ಬೆಂಕಿ ಹಚ್ಚಿ ಬಂದರು.

ಸಂಜೆಯ ಹೊತ್ತಿಗೆ ಎರಡೂ ಕಡೆಯವರ ಮೇಲೆ ಕೇಸು ಬಿತ್ತು. ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿಗೆ ಜಯಚಂದ್ರನನ್ನೂ ತಂದರು. ಗಿರಿಯಪ್ಪ ಬಂದು, "ಅವ್ನ ಕೈ ಮುರುದ್ಬುಟ್ಟೆ ಕಣಮ್ಮ" ಎಂದಾಗ ಈರಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಅಣ್ಣನಿಗೆ ಅದು ಅರ್ಥವಾಗಲಿಲ್ಲ. ಅವಳಿಗೆ ಆ ಹೊತ್ತು ಬೇಕಾಗಿದ್ದದ್ದು ಒಂದು ಚಮಚ ನೀರು, ಅದನ್ನು ಮುರಿದ ಬಾಯಿಗೆ ಹೇಗೆ ಹಾಕಿಕೊಳ್ಳುವುದು ಎಂಬ ದಾರಿ.

ವಾಣಿಶ್ರೀ ತಾಯಿಯನ್ನು ಹಿಂದೂಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ದವಡೆಗೆ ತಂತಿ ಕಟ್ಟಿದರು. ಎರಡು ವಾರವಾದರೂ ಎಡಗೆನ್ನೆಯ ಊತ ಇಳಿಯಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿದೆಯೋ, ಕೀವು ತುಂಬಿದೆಯೋ ನೋಡಿ ಎಂದು ಸರ್ಜನ್ನು ಸ್ಕ್ಯಾನಿಂಗಿಗೆ ಬರೆದುಕೊಟ್ಟರು.

ಸ್ಕ್ಯಾನ್ ಮಾಡಿದವರು ಶ್ರೀಲತಾ ಎಂಬ ಡಾಕ್ಟರು. ಹಿಂದೂಪುರದಲ್ಲೇ ಹುಟ್ಟಿ ಬೆಳೆದವರು, ಕನ್ನಡ ತೆಲುಗು ಎರಡರಲ್ಲೂ ಸಲೀಸು. ತಣ್ಣನೆಯ ಜೆಲ್ಲು ಹಚ್ಚಿ ಎಡಗೆನ್ನೆಯ ಮೇಲೆ ಮೆಲ್ಲಗೆ ಯಂತ್ರದ ಹಿಡಿ ಆಡಿಸಿದರು. ಹೋಲಿಸಿ ನೋಡಲೆಂದು ಬಲಗೆನ್ನೆಗೆ ಇಟ್ಟರು. ಮತ್ತೆ ಎಡಕ್ಕೆ, ಆಮೇಲೆ ಗದ್ದದ ಕೆಳಗೆ ಎರಡೂ ಕಡೆ.

"ಈ ಬಲಗಡೆಗೆ ಏಟು ಬಿದ್ದಿತ್ತಾ ಅಮ್ಮ?"

ಈರಕ್ಕನ ಬಾಯಿಗೆ ತಂತಿ ಕಟ್ಟಿತ್ತು. ಇಲ್ಲ ಎಂದು ತಲೆಯಾಡಿಸಿದಳು.

"ಕಾವಲ್ಲಿ ಹೊಡೆದಿದ್ದು ಎಡಕ್ಕೆ ಮಾತ್ರ ಮೇಡಂ" ಎಂದಳು ವಾಣಿಶ್ರೀ.

"ಹಂಗಾದ್ರೆ ಇದು ಏಟಿಂದ ಆಗಿದ್ದಲ್ಲ" ಎಂದರು ಶ್ರೀಲತಾ. "ಎಡಕ್ಕೆ ಒಂದಿಷ್ಟು ರಕ್ತ ನಿಂತಿದೆ, ಅದು ಕರಗುತ್ತೆ. ಆದ್ರೆ ಕೆಳಗಿರೋ ಗ್ರಂಥಿ ನೋಡಿ. ನಾಲ್ಕೂ ಕಡೆ ಒಂದೇ ಥರ ಹಾಳಾಗಿದೆ. ಇದು ವಾರದ ಮಾತಲ್ಲ, ವರ್ಷಗಳದ್ದು. ನೀವು ಸ್ವಲ್ಪ ಇಲ್ಲಿ ಬನ್ನಿ."

ವಾಣಿಶ್ರೀಯನ್ನು ಕೂರಿಸಿ ಅವಳ ಕೆನ್ನೆಯ ಮೇಲೂ ಹಿಡಿ ಇಟ್ಟರು. ಪರದೆಯ ಮೇಲೆ ಸಣ್ಣಗೆ ಬೀಸಿದ ಹಿಟ್ಟಿನಂತೆ ಒಂದೇ ಸಮನಾದ ಬೂದು ಬಣ್ಣ ಮೂಡಿತು. ಅದರ ಪಕ್ಕದಲ್ಲಿ ತಾಯಿಯ ಚಿತ್ರ ಇಟ್ಟರು. ಗೆದ್ದಲು ತಿಂದ ಹಲಗೆಯ ಹಾಗೆ ತುಂಬ ಕಪ್ಪು ಕಪ್ಪು ತೂತುಗಳು.

"ಉಗುಳು ಊರೋದು ಇಲ್ಲಿಂದಲೇ. ಮೈಯನ್ನ ಕಾಯೋ ಶಕ್ತಿ ಇರುತ್ತಲ್ಲ, ಅದು ಕೆಲವರಲ್ಲಿ ದಾರಿ ತಪ್ಪಿ ಈ ಗ್ರಂಥಿಗಳನ್ನೇ ತಿನ್ನುತ್ತೆ. ಕಣ್ಣೀರಿನ ಗ್ರಂಥಿಗೂ ಹಂಗೇ ಆಗುತ್ತೆ. ಬಾಯಿ ಒಣಗೋದು, ಹಲ್ಲು ಹಾಳಾಗೋದು, ಕೆನ್ನೆ ಊದೋದು, ಇವೆಲ್ಲ ಇದ್ವಾ ಇವರಿಗೆ?"

ವಾಣಿಶ್ರೀ ಹೌದೆಂದು ತಲೆಯಾಡಿಸಿ ಅಕ್ಕಿಯ ಸಂಗತಿ ಹೇಳಿದಳು. ಶ್ರೀಲತಾ ಯಂತ್ರದ ಹಿಡಿಯನ್ನು ಕೆಳಗಿಟ್ಟರು. ಕೈಯಲ್ಲಿದ್ದ ಜೆಲ್ಲು ಒರೆಸಿಕೊಳ್ಳುವುದನ್ನೂ ಮರೆತರು.

"ಒಂದು ಹಿಡಿ ಅಕ್ಕಿನಾ? ಇವರ ಬಾಯಲ್ಲಿ ಒಂದು ಕಾಳು ನೆನೆಯೋದೂ ಕಷ್ಟ ಅಮ್ಮ" ಎಂದರು.

ಈರಕ್ಕ ಮಲಗಿದ್ದಲ್ಲಿಂದಲೇ ಪರದೆ ನೋಡುತ್ತಿದ್ದಳು. ಒಂದು ಬೆರಳು ಎತ್ತಿ ಆ ಕಪ್ಪು ತೂತುಗಳನ್ನು ತೋರಿಸಿದಳು, ಆಮೇಲೆ ತನ್ನ ಎದೆಯನ್ನು. ನನ್ನದೇನಾ ಇದು ಎಂದು ಕೇಳುವ ಹಾಗೆ. ಶ್ರೀಲತಾ ಹೌದೆಂದರು.

ಆಮೇಲೆ ರಕ್ತ ಪರೀಕ್ಷೆ ಆಯಿತು. ಕಣ್ಣಿನ ಡಾಕ್ಟರು ರೆಪ್ಪೆಯಡಿ ಕಾಗದದ ಪಟ್ಟಿ ಸಿಕ್ಕಿಸಿ ನೋಡಿದರು. ಪಟ್ಟಿ ಹೆಚ್ಚುಕಡಿಮೆ ಒಣಗಿಯೇ ಉಳಿಯಿತು. ರೋಗಕ್ಕೆ ಶೋಗ್ರೆನ್ ಎಂದು ಹೆಸರು ಹೇಳಿದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಕಣ್ಣಿಗೆ ಹನಿ, ಉಗುಳು ಊರಿಸುವ ಮಾತ್ರೆ, ಹಲ್ಲಿಗೆ ಚಿಕಿತ್ಸೆ ಇದೆ. ಗ್ರಂಥಿಯಲ್ಲಿ ಗಡ್ಡೆ ಬೆಳೆಯುವ ಭಯ ಇರುವುದರಿಂದ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು ಎಂದರು.

ದವಡೆಯ ತಂತಿ ಬಿಚ್ಚಿದ ಮೇಲೆ ಕಲ್ಯಾಣದುರ್ಗದ ಪೊಲೀಸ್ ಸ್ಟೇಷನ್ನಿನಿಂದ ಕರೆ ಬಂತು. ಊರ ಹಿರಿಯರು ರಾಜಿಗೆ ಓಡಾಡುತ್ತಿದ್ದರು. ಎರಡೂ ಕಡೆಯವರು ಕೇಸು ವಾಪಸ್ ತೆಗೆದುಕೊಂಡರೆ ಯಾರಿಗೂ ತೊಂದರೆಯಿಲ್ಲ ಎಂಬುದು ಅವರ ಲೆಕ್ಕ. ಸ್ಟೇಷನ್ನಿನ ಮುಂದೆ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಜಯಚಂದ್ರನ ಕೈ ಪಟ್ಟಿಯಲ್ಲಿ ತೂಗುತ್ತಿತ್ತು. ಗಿರಿಯಪ್ಪ ಸ್ಕ್ಯಾನಿನ ಚಿತ್ರವನ್ನು ಹಿರಿಯರ ಮುಖದ ಮುಂದೆ ಹಿಡಿದು, "ನೋಡ್ರಪ್ಪ, ನನ್ ತಂಗಿ ಕಳ್ಳಿ ಅಲ್ಲ, ರೋಗ ಅದು, ರೋಗ" ಎಂದು ಕೂಗಾಡಿದ.

ನಾರಪ್ಪ ಹೆಂಡತಿಯ ಹತ್ತಿರ ಬಂದ. ತಲೆಯ ಗಾಯದ ಹೊಲಿಗೆಯ ಗುರುತು ಇನ್ನೂ ಕಾಣುತ್ತಿತ್ತು.

"ನಂಗೇನು ಗೊತ್ತಿತ್ತು ಈರಿ, ರೋಗ ಅಂತ. ಗೊತ್ತಿದ್ದಿದ್ರೆ ಕೈ ಎತ್ತುತಿದ್ನಾ? ಆಗಿದ್ದು ಆಯ್ತು. ಮನೀಗೆ ಬಾ."

ಈರಕ್ಕ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು. ದವಡೆ ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ, ಮಾತು ಹಲ್ಲಿನ ಸಂದಿಯಿಂದ ಬಂತು.

"ನಂಗೆ ರೋಗ ಇಲ್ದೆ ಹೋಗಿದ್ರೆ?" ಎಂದಳು. "ಸರಾನ ನಾನೇ ಕದ್ದಿದ್ರೆ? ಆವಾಗ ದವಡೆ ಮುರೀಬೋದಿತ್ತಾ? ನೀರು ಕೊಡ್ದೆ ಕೂಡಾಕ್ಬೋದಿತ್ತಾ?"

ಹಿರಿಯರಲ್ಲೊಬ್ಬರು, "ಅದೆಲ್ಲ ಯಾಕಮ್ಮ ಈಗ, ಸಂಸಾರ ಅಂದ್ಮೇಲೆ" ಎಂದು ಶುರು ಮಾಡಿದರು.

"ನಾ ಕೇಸು ತೆಗೆಯಾಕಿಲ್ಲ" ಎಂದಳು ಅವಳು. ಅಣ್ಣನ ಕಡೆ ತಿರುಗಿ, "ನೀನು ಮುರುದ ಕೈಗೆ ನೀನೇ ಹೋಗಿ ಜವಾಬು ಹೇಳಣ್ಣ. ನನ್ನ ಹೆಸರಾಗೆ ಮುರೀಬ್ಯಾಡ. ಆ ವಾರ್ಡಿನಾಗೆ ಅವ್ನು ರಾತ್ರಿಯೆಲ್ಲ ಅರಚೋದು ನಂಗೆ ಕೇಳುಸ್ತಿತ್ತು" ಎಂದಳು. ಗಿರಿಯಪ್ಪನ ಮುಖ ಕಪ್ಪಿಟ್ಟಿತು. ಚಿತ್ರವನ್ನು ವಾಣಿಶ್ರೀಯ ಕೈಗೆ ತುರುಕಿ ಅಲ್ಲಿಂದ ನಡೆದ. ಅಣ್ಣ ತಂಗಿ ಆಮೇಲೆ ಬಹಳ ತಿಂಗಳು ಮಾತಾಡಲಿಲ್ಲ.

ಅವರು ಬಸ್‌ಸ್ಟ್ಯಾಂಡಿನ ಕಡೆ ಹೊರಟಾಗ ಶೋಭಾರಾಣಿ ಹಿಂದೆಯೇ ಬಂದಳು. ಗಂಡನಿಗೆ ಕಾಣದ ಹಾಗೆ ಚಹಾ ಅಂಗಡಿಯ ಮರೆಯಲ್ಲಿ ನಿಂತು ಈರಕ್ಕನ ಸೆರಗು ಹಿಡಿದಳು.

"ಅಕ್ಕಾ, ಒಂದ್ ಮಾತು. ಅವತ್ತು ನನ್ನ ಬಾಯೂ ಒಣಗೋಗಿತ್ತು. ಎಲ್ರೂ ನೋಡ್ತಾವ್ರೆ, ಒಣಗಿದ್ರೆ ಸರ ನಾನೇ ತವರಿಗೆ ಕಳ್ಸಿದ್ದೀನಿ ಅಂತಾರೆ, ನನ್ನೇ ಕೊಲ್ತಾರೆ ಅಂತ ಭಯ ಆಗ್ಬುಡ್ತು. ಒಳಗಿಂದ ಕೆನ್ನೆ ಕಚ್ಕೊಂಡೆ. ರಕ್ತ ಬರೋವರ್ಗೂ ಕಚ್ಕೊಂಡೆ. ಅಕ್ಕಿ ನೆಂದಿದ್ದು ಅದ್ರಿಂದ. ಕೆಂಪು ಕಾಣ್ಬಾರ್ದು ಅಂತ ಅತ್ತೆ ಉಗುದಿದ್ರ ಮ್ಯಾಲೇ ಉಗುದೆ."

ಈರಕ್ಕ ಅವಳನ್ನೇ ನೋಡಿದಳು. ಆ ಅಂಗಳದಲ್ಲಿ ಇವಳೂ ತನ್ನಷ್ಟೇ ಹೆದರಿ ನಿಂತಿದ್ದಳು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಕೆನ್ನೆ ಕಚ್ಚಿಕೊಂಡವಳು ಆಮೇಲೆ ಬಾಯಿ ತೆರೆದು ಒಂದು ಮಾತಾಡಿದ್ದರೆ ತನ್ನ ದವಡೆ ಉಳಿಯುತ್ತಿತ್ತು ಎಂಬುದೂ ಅಷ್ಟೇ ಬೇಗ ಹೊಳೆಯಿತು.

"ಇದ್ನ ಜಡ್ಜಿ ಮುಂದೆ ಹೇಳ್ತೀಯಾ?" ಎಂದಳು.

ಶೋಭಾರಾಣಿ ಸೆರಗು ಬಿಟ್ಟಳು. ಸ್ಟೇಷನ್ನಿನ ಕಡೆ ಒಮ್ಮೆ ನೋಡಿದಳು. "ಹೆಂಗ್ ಹೇಳ್ಲಿ ಅಕ್ಕಾ, ನಾನು ಅದೇ ಮನೀಗೆ ಹೋಗ್ಬೇಕಲ್ಲ" ಎಂದು ಅತ್ತಳು. ಕಣ್ಣೀರು ಧಾರಾಳವಾಗಿ ಹರಿಯಿತು.

"ಹೋಗು" ಎಂದಳು ಈರಕ್ಕ.

ಕೇಸು ಕಲ್ಯಾಣದುರ್ಗದ ಕೋರ್ಟಿನಲ್ಲಿ ನಡೆಯುತ್ತಿದೆ. ಮುನೆಮ್ಮ ಹೇಳಿದ ಮಾತಿಗೆ ತಪ್ಪದೆ ಸಾಕ್ಷಿ ನುಡಿದಳು. ಡಾಕ್ಟರ್ ಶ್ರೀಲತಾ ಕೂಡ ಬಂದಿದ್ದರು. ಎದುರು ವಕೀಲರು, "ನಿಮ್ಮ ಸ್ಕ್ಯಾನಿನಲ್ಲಿ ಈಕೆ ಕದ್ದಿಲ್ಲ ಅಂತ ಕಾಣುತ್ತಾ?" ಎಂದು ಕೇಳಿದರು. "ಅದು ಸ್ಕ್ಯಾನಿನಲ್ಲಿ ಕಾಣಲ್ಲ. ಈಕೆ ಬಾಯಲ್ಲಿ ಉಗುಳಿಲ್ಲ, ದವಡೆ ಮುರಿದಿದೆ, ಇಷ್ಟು ಕಾಣುತ್ತೆ" ಎಂದು ಅವರು ಉತ್ತರ ಕೊಟ್ಟರು. ಸ್ವಾಮಿಯ ಹೆಸರು ಕೇಸಿನಲ್ಲಿದ್ದರೂ ಅವನ ಸುಳಿವಿಲ್ಲ. ಸರ ಇವತ್ತಿಗೂ ಸಿಕ್ಕಿಲ್ಲ.

ಈರಕ್ಕ ಈಗ ಹಿಂದೂಪುರದಲ್ಲಿ ಮಗಳ ಜೊತೆ ಇದ್ದಾಳೆ. ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಹೊಸದಾಗಿ ಬಂದ ಹೆಂಗಸರು ಹಣ್ಣಿನ ರಾಶಿ ಕಂಡ ಕೂಡಲೇ ಬಾಯಲ್ಲಿ ಊರಿದ ನೀರು ನುಂಗಿ ನುಂಗಿ ನಗುತ್ತಾರೆ. ಅವಳೂ ನಗುತ್ತಾಳೆ. ಮಾತ್ರೆ ನುಂಗಿದ ದಿನ ನಾಲಿಗೆಯ ಅಡಿಯಲ್ಲಿ ಒಂದಿಷ್ಟು ತೇವ ಬರುತ್ತದಂತೆ. ನಾರಪ್ಪ ಎರಡು ಸಲ ಹೇಳಿ ಕಳಿಸಿದ, ಒಂದು ಸಲ ತಾನೇ ಬಂದ. ಬಾಗಿಲಲ್ಲಿ ನಿಂತವನಿಗೆ ಈರಕ್ಕ ಕುಡಿಯಲು ನೀರು ತಂದು ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಕಾದಿದ್ದು, ಚೊಂಬು ಈಸಿಕೊಂಡು, ಕೋರ್ಟಿನಲ್ಲಿ ಸಿಗೋಣ ಎಂದು ಹೇಳಿ ಬಾಗಿಲು ಹಾಕಿಕೊಂಡಳು.